ಟ್ಯೂಷನ್ ಮೇಡಂ ತಪ್ಪು ಲೆಕ್ಕ ಕೇಳಿದರು

ಮೇಲೂರು
18 ಜನವರಿ 2025

ಅಮೃತಳ ಅಪ್ಪನಿಗೆ ಪದ್ಮಶ್ರೀಯ ನಮಸ್ಕಾರಗಳು.

ನಿಮ್ಮ ಕಾಗದ ಬಂದು ಇಪ್ಪತ್ತು ದಿನವಾಯಿತು. ಉತ್ತರ ತಡವಾಯಿತೆಂದು ಕೋಪ ಬೇಡಿ. ರೇಷ್ಮೆಹುಳು ಹಣ್ಣಾಗಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವ ದಿನಗಳು; ಕೂರಲು ಪುರುಸೊತ್ತಿರಲಿಲ್ಲ. ಅಸ್ಸಾಮಿನಲ್ಲಿ ಚಳಿ ಹೇಗಿದೆ? ನಾನು ಕಳಿಸಿದ ಸ್ವೆಟರ್ ಯೂನಿಫಾರ್ಮಿನ ಒಳಗೆ ಹಿಡಿಸುತ್ತದೆಯೇ?

ಅಮೃತಳ ಟ್ಯೂಷನ್ ಬಗ್ಗೆ ಕೇಳಿದ್ದಿರಿ. ನನ್ನದೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ರಾಮಲಕ್ಷ್ಮಮ್ಮ ಮೇಡಂ ದಿನಾ ಐದು ಲೆಕ್ಕ ಮನೆಗೆ ಕೊಡುತ್ತಿದ್ದರು. ಇವಳು ಪೆನ್ಸಿಲ್ ಕಚ್ಚುತ್ತಾ ಕೂತರೆ ನನಗೆ ತಡೆಯುತ್ತಿರಲಿಲ್ಲ. ಗೈಡ್ ತೆಗೆದು ಉತ್ತರ ಹೇಳಿ ಬರೆಸಿಬಿಡುತ್ತಿದ್ದೆ. ನನ್ನ ಮಗಳು ದಡ್ಡಿ ಅನ್ನಿಸಿಕೊಳ್ಳಬಾರದಲ್ಲ.

ಒಂದು ಸಂಜೆ ಮೇಡಂ ತಾವೇ ಮನೆಗೆ ಬಂದರು. ಕಾಫಿ ಕೊಟ್ಟರೂ ಮುಟ್ಟಲಿಲ್ಲ.

"ಪದ್ಮಮ್ಮ, ಮನೆ ಲೆಕ್ಕ ಎಲ್ಲಾ ಸರಿ ಇರುತ್ತೆ. ನನ್ನ ಮುಂದೆ ಕೂತ್ರೆ ಒಂದೂ ಬರಲ್ಲ. ಯಾರು ಮಾಡ್ತಿದಾರೆ?"

ನಾನು ಗೈಡ್ ತಂದು ಅವರ ಮುಂದಿಟ್ಟೆ.

"ನಂಗೆ ಅವಳ ತಪ್ಪು ಬೇಕಮ್ಮ. ಎಲ್ಲಿ ಸಿಕ್ಕಾಕೊಂಡಿದಾಳೆ ಅಂತ ತಪ್ಪು ನೋಡಿದ್ರೆ ತಾನೆ ಗೊತ್ತಾಗೋದು? ನೀನು ಸುಮ್ನೆ ಪಕ್ಕದಲ್ಲಿ ಕೂತ್ಕೋ. ಏನು ಕಲಿತೆ, ನಂಗೂ ಹೇಳು ಅನ್ನು. ಅಷ್ಟು ಸಾಕು."

ನಾನು ಓದಿದ್ದು ಏಳನೇ ಕ್ಲಾಸು. ಅವಳೂ ಈಗ ಏಳನೇ ಕ್ಲಾಸೇ. ಮಾರನೇ ದಿನ ಟಿ.ವಿ. ಆರಿಸಿ, ಅವರೆಕಾಯಿ ಸುಲಿಯುತ್ತಾ ಪಕ್ಕದಲ್ಲಿ ಕೂತೆ. ಭಿನ್ನರಾಶಿ ಹೇಳಿಕೊಡು ಎಂದೆ. ಮೊದಲು ಅನುಮಾನದಿಂದ ನೋಡಿದಳು. ಆಮೇಲೆ ಕೇಳಿದಳು, "ಮೂರನೇ ಒಂದು ದೊಡ್ಡದೋ, ನಾಲ್ಕನೇ ಒಂದು ದೊಡ್ಡದೋ?"

"ನಾಲ್ಕು ದೊಡ್ಡದಲ್ವೇನೇ?"

ಹೊಟ್ಟೆ ಹಿಡಿದುಕೊಂಡು ನಕ್ಕಳು. "ಒಂದು ಮುದ್ದೇನ ನಾಲ್ಕು ಜನಕ್ಕೆ ಹಂಚಿದ್ರೆ ನಿನ್ ಪಾಲಿಗೆ ಬರೋದು ಚಿಕ್ಕದೇ ಕಣಮ್ಮ! ಅರ್ಥ ಆಯ್ತಾ?"

ನನ್ನ ಶಾಲೆಯಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಅರ್ಥವಾಯಿತು ಎಂದೆ, ನಿಜವಾಗಿಯೂ ಆಗಿತ್ತು. ಆ ದಿನ ಐದರಲ್ಲಿ ಮೂರು ಸರಿ, ಎರಡು ತಪ್ಪು. ಹಾಗೇ ಕಳಿಸಿದೆವು. ಮೇಡಂ ಆ ಎರಡನ್ನೇ ಹಿಡಿದುಕೊಂಡು ಒಂದು ಗಂಟೆ ಕೂರಿಸಿ ಹೇಳಿಕೊಟ್ಟರಂತೆ. ಈಗ ತಾನಾಗಿಯೇ ಪುಸ್ತಕ ತೆಗೆಯುತ್ತಾಳೆ. ಬೆರಳು ಎಣಿಸುವುದು ಇನ್ನೂ ಬಿಟ್ಟಿಲ್ಲ, ಬಿಡುತ್ತಾಳೆ.

ಅವಳು ನನಗೆ ಪಾಠ ಹೇಳುವಾಗ ನೀವು ನೋಡಬೇಕಿತ್ತು. ಹುಬ್ಬು ಮೇಲೆತ್ತುವುದು ಥೇಟ್ ನಿಮ್ಮ ಹಾಗೆಯೇ. ನೀವು ಗೋಡೆಗೆ ಒರಗಿ ಕೂರುತ್ತಿದ್ದ ಜಾಗದಲ್ಲಿ ಈಗ ಅವಳ ಬ್ಯಾಗ್ ಇರುತ್ತದೆ. ಅದನ್ನು ಎತ್ತಿಡು ಎಂದು ಹೇಳಲು ಬಾಯಿ ತೆರೆಯುತ್ತೇನೆ, ನೀವು ಬರುವುದು ಯುಗಾದಿಗೆ ಎಂದು ನೆನಪಾಗಿ ಸುಮ್ಮನಾಗುತ್ತೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮ
ಪದ್ಮಶ್ರೀ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ನೀವು ಫೋನ್ ಮಾಡಿದಾಗಲೆಲ್ಲ ಅಮೃತ ಟ್ಯೂಷನ್‌ಗೆ ಹೋಗಿದಾಳೆ ಅನ್ನುತ್ತಿದ್ದೆನಲ್ಲ, ಅದು ಸುಳ್ಳು. ದೀಪಾವಳಿ ರಜೆ ಮುಗಿಸಿ ಬಸ್ಸು ಹತ್ತುವಾಗ ನೀವು ನಗುತ್ತಾ ಅವಳಿಗೆ, "ಲೆಕ್ಕದಲ್ಲಿ ಐವತ್ತು ದಾಟೋವರ್ಗೂ ನನ್ ಜೊತೆ ಮಾತಾಡ್ಬೇಡ ಕಣಮ್ಮ" ಅಂದಿದ್ದಿರಿ. ನಿಮಗೆ ನೆನಪೂ ಇರಲಿಕ್ಕಿಲ್ಲ. ಅವಳು ಅದನ್ನು ನಿಜವೆಂದುಕೊಂಡಿದ್ದಾಳೆ. ತಮಾಷೆಗೆ ಅಂದಿದ್ದು ಎಂದು ನಾನು ಎಷ್ಟು ಹೇಳಿದರೂ ನಂಬುವುದಿಲ್ಲ. ನಿಮ್ಮ ಕೈಯಾರೆ ಅವಳ ಹೆಸರಿಗೇ ಒಂದು ಕಾಗದ ಬರೆಯಿರಿ. ಮಾರ್ಕ್ಸ್ ಕೇಳಬೇಡಿ. ನಿಮ್ಮ ಫೋನ್ ಬಂದಾಗ ಅವಳು ಎಲ್ಲಿಗೂ ಹೋಗಿರುವುದಿಲ್ಲ; ನನ್ನ ಭುಜಕ್ಕೆ ಕೆನ್ನೆ ಒತ್ತಿ, ಉಸಿರು ಬಿಗಿಹಿಡಿದು, ನಿಮ್ಮ ದನಿ ಕೇಳುತ್ತಾ ಕೂತಿರುತ್ತಾಳೆ.