ಗಾಳಿ ಎಲ್ಲಿ ಸೋರ್ತಿದೆ

ಫೆಬ್ರವರಿ 11, ಸಂಜೆ

ಇವರ ಡೈವಿಂಗ್ ಸಿಲಿಂಡರ್ ಮತ್ತೆ ಬೇಗ ಖಾಲಿ. ಗೇಜಿನ ಮುಳ್ಳು ಇನ್ನೂರಕ್ಕೆ ಬರೋ ತನಕ ಗಾಳಿ ತುಂಬಿಸಿ ಕಳಿಸಿದ್ದೆ. ವಾಪಸ್ ಬಂದಾಗ ಮುಳ್ಳು ಐವತ್ತರ ಕೆಳಗೆ. ಜೊತೆಗಿಳಿದ ಹೊಸಬರದ್ದೇ ಇದಕ್ಕಿಂತ ಹೆಚ್ಚು ಉಳಿದಿತ್ತು. ಹೊಸಬರು ಹೆದರಿಕೆಗೆ ಗಟಗಟ ಗಾಳಿ ಕುಡಿಯೋದು ಸಹಜ. ಇವರಿಗೇನಾಗಿದೆ? ಅರ್ಧ ಆಯಸ್ಸು ನೀರಿನಡಿಯಲ್ಲೇ ಕಳೆದವರು. ಅಪ್ಪ ಉಸಿರಾಡಲ್ಲ, ಗಾಳೀನ ಸುಮ್ಮನೆ ಮೂಸಿ ನೋಡ್ತಾರೆ ಅಂತ ಮಗಳು ಆಡಿಕೊಳ್ತಿದ್ದಳು.

ಎಲ್ಲೋ ಸೋರ್ತಿದೆ. ರೆಗ್ಯುಲೇಟರ್‌ದೇ ಕಿತಾಪತಿ. ಸಿಲಿಂಡರ್‌ನಿಂದ ಬಾಯಿಗೆ ಬರೋದು ಒಂದು ಪೈಪು, ನಾಲ್ಕು ಜಾಯಿಂಟು... ಎಲ್ಲಿಗೆ ಓಡಿಹೋಗುತ್ತೆ. ಹಿಡೀತೀನಿ.

ಫೆಬ್ರವರಿ 12

ಅಂಗಡಿ ಹಿಂದಿನ ತೊಟ್ಟಿಯಲ್ಲಿ ರೆಗ್ಯುಲೇಟರ್ ಮುಳುಗಿಸಿ, ಗಾಳಿ ಬಿಟ್ಟು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತೆ. ಸೋರಿದರೆ ಗುಳ್ಳೆ ಬರಬೇಕು. ಒಂದೂ ಇಲ್ಲ. ಆದರೂ ಪೂರ್ತಿ ಬಿಚ್ಚಿ ರಬ್ಬರ್ ರಿಂಗ್ ಎಲ್ಲ ಬದಲಾಯಿಸಿದೆ. ಬೆರಳೆಲ್ಲ ಗ್ರೀಸು.

ಇವರು ಬಾಗಿಲಿಗೆ ಒರಗಿ ನೋಡ್ತಾ ನಿಂತಿದ್ದರು. "ಏನ್ ಇನ್‌ಸ್ಪೆಕ್ಟ್ರೇ, ಕಳ್ಳ ಸಿಕ್ಕನಾ?"

"ಸಿಗ್ತಾನೆ. ನೀವು ನಡುವೆ ತಲೆ ಹಾಕ್ಬೇಡಿ."

ನಕ್ಕರು. ನಗು ಕೆಮ್ಮಾಯ್ತು. ಎರಡು ವಾರದಿಂದ ಇದೇ ಕೆಮ್ಮು. ಕಷಾಯ ಮಾಡಿಕೊಟ್ಟರೆ ಮೂಗು ಮುರೀತಾರೆ.

ಫೆಬ್ರವರಿ 15

ಬೋಟಿನಲ್ಲಿ ಇವತ್ತು ಆರು ಜನ. ಮಗಳು ಮೂವರನ್ನ, ಇವರು ಮೂವರನ್ನ ಇಳಿಸಿದರು.

ನಾನು ಚಿಕ್ಕವಳಿದ್ದಾಗ ಕಿವಿಯ ತಮಟೆ ಹರಿದಿತ್ತು. ನಾನು ನೀರಿಗೆ ಇಳಿಯೋ ಹಾಗಿಲ್ಲ. ಆದರೆ ನನ್ನ ಕೈ ಆಡದೆ ನಮ್ಮ ಬೋಟಿನಿಂದ ಒಬ್ಬರೂ ಹಾರಲ್ಲ. ಜಾಕೆಟ್‌ಗೆ ಗಾಳಿ ತುಂಬಿಸಿ ಬಿಡೋದು. ತೂಕದ ಬೆಲ್ಟು ಒಂದೇ ಎಳೆತಕ್ಕೆ ಬಿಚ್ಚುತ್ತಾ ನೋಡೋದು. ಪಟ್ಟಿ, ಬಕಲ್ಲು. ಕೊನೆಗೆ ಅವರ ರೆಗ್ಯುಲೇಟರ್‌ನಲ್ಲಿ ನಾನೇ ಮೂರು ಉಸಿರು ಎಳೀಬೇಕು, ಕಣ್ಣು ಗೇಜಿನ ಮೇಲೆ. ಮುಳ್ಳು ಅಲ್ಲಾಡಿದರೆ ವಾಲ್ವ್ ಪೂರ್ತಿ ತೆಗೆದಿಲ್ಲ ಅಂತ ಅರ್ಥ. ಅಲ್ಲಾಡದಿದ್ದರೆ ಬೆನ್ನಿನ ಸಿಲಿಂಡರಿಗೆ ಎರಡು ಸಲ ತಟ್ಟೋದು. ಹೋಗಿ ಬನ್ನಿ.

ಇವರ ಸರದಿ ಬಂದಾಗ ಎರಡೂ ಕೈ ಮೇಲೆತ್ತಿ ನಿಲ್ತಾರೆ, ಪೊಲೀಸರು ತಪಾಸಣೆ ಮಾಡೋ ಹಾಗೆ. ಗಿರಾಕಿಗಳ ಮುಂದೆ ದಿನಾ ಇದೇ ನಾಟಕ. ಇವತ್ತು ಎದೆಯ ಪಟ್ಟಿ ಎಳೆದೆ, ಎಳೆದೆ, ಬರ್ತಾನೇ ಇತ್ತು. ಮೈ ಇಳಿದುಹೋಗಿದೆ. "ಊಟ ಸರಿಯಾಗಿ ಮಾಡಿ ಅಂದ್ರೆ ಕೇಳಲ್ಲ" ಅಂತ ಬೈದೆ. ಮುಳ್ಳು ಅಲ್ಲಾಡಲಿಲ್ಲ. ತಟ್ಟಿದೆ.

ಹತ್ತುವಾಗ ಏಣಿಯ ಮಧ್ಯದಲ್ಲಿ ನಿಂತುಬಿಟ್ಟರು. ಬೋಟ್ ಓಡಿಸೋನು — ಅವನಿಗೆ ನಾವಿಟ್ಟ ಹೆಸರು ಮೌನಿ, ಹುಟ್ಟಿದಾಗಿನಿಂದ ಬಾಯಿ ಮುಚ್ಚಿದವನಲ್ಲ — "ಅತ್ತಿಗೆ, ಅಣ್ಣಂಗೆ ವಯಸ್ಸಾಯ್ತು" ಅಂದ.

"ನಿನ್ನ ಇಂಜಿನ್ ನೀನು ನೋಡ್ಕೋ" ಅಂದೆ.

ಸಿಲಿಂಡರ್ ನಲವತ್ತಕ್ಕೆ ಬಂದಿತ್ತು. ಹೊಸ ರಿಂಗ್ ಹಾಕಿದ ಮೇಲೂ.

ಫೆಬ್ರವರಿ 18

ರಿಂಗ್ ಕೊಟ್ಟ ಅಂಗಡಿಯವನ ಜೊತೆ ಫೋನಿನಲ್ಲಿ ಜಗಳ. ಡೂಪ್ಲಿಕೇಟ್ ಮಾಲು ಅಂದೆ. ಅವನೂ ಬಿಡಲಿಲ್ಲ. "ಮೇಡಂ, ಅದೇ ಪ್ಯಾಕೆಟ್ಟಿನ ಉಳಿದ ರಿಂಗು ಸೋರ್ತಿದೆಯಾ?" ಇಲ್ಲ. ಅದಕ್ಕೇ ಇನ್ನೂ ಸಿಟ್ಟು ಬಂತು. ಫೋನ್ ಇಟ್ಟುಬಿಟ್ಟೆ.

ಮಗಳು ಮಧ್ಯಾಹ್ನ ಏನೋ ಹೇಳೋಕೆ ಬಂದಳು. "ಅಮ್ಮಾ, ಕೆಳಗೆ ಅಪ್ಪ..." ಅಂತ ಶುರು ಮಾಡಿ, "ಏನಿಲ್ಲ ಬಿಡು" ಅಂದಳು. ನನಗೆ ಆಗ ಕೇಳೋ ವ್ಯವಧಾನ ಇರಲಿಲ್ಲ. ಗೇಜು ಬಿಚ್ಚಿಕೊಂಡು ಕೂತಿದ್ದೆ.

ಫೆಬ್ರವರಿ 22, ಬೆಳಿಗ್ಗೆ

ಇವತ್ತು ತೀರ್ಮಾನ ಆಗಿಹೋಗ್ಲಿ. ಇವರ ರೆಗ್ಯುಲೇಟರ್ ಮಗಳಿಗೆ. ಪೆಟ್ಟಿಗೆಯಿಂದ ಹೊಸದು ಒಡೆದು ಇವರಿಗೆ. ಒಂದೇ ಜಾಗ, ಒಂದೇ ಆಳ, ಒಂದೇ ಹೊತ್ತು. ಮಗಳ ಸಿಲಿಂಡರ್ ಬೇಗ ಖಾಲಿಯಾದರೆ ಕಳ್ಳ ಸಿಕ್ಕಿಬಿದ್ದ ಹಾಗೆ.

ಇವರು ಇವತ್ತು ಕೈ ಮೇಲೆತ್ತಲಿಲ್ಲ. ನಾನು ಪಟ್ಟಿ ಬಿಗಿಯುವಾಗ ನನ್ನ ಮುಖಾನೇ ನೋಡ್ತಿದ್ದರು.

ಅದೇ ದಿನ, ಮಧ್ಯಾಹ್ನ

ಮಗಳದ್ದು ತೊಂಬತ್ತು. ಇವರದ್ದು ಮೂವತ್ತೈದು.

ರೆಗ್ಯುಲೇಟರ್‌ಗೆ ಏನೂ ಆಗಿಲ್ಲ.

ಗೇಜು ಕೈಯಲ್ಲಿ ಹಿಡಿದು ನಿಂತೇ ಇದ್ದೆ. ಇವರು ಬೆಂಚಿನ ಮೇಲೆ ಬಗ್ಗಿ ಕೂತಿದ್ದರು, ಮೊಣಕಾಲಿನ ಮೇಲೆ ಕೈಯೂರಿ. ಭುಜ ಮೇಲೆ ಕೆಳಗೆ, ಮೇಲೆ ಕೆಳಗೆ. ಇಷ್ಟು ದಿನ ಬೋಟಿನಲ್ಲಿ ನನ್ನೆದುರೇ ಹೀಗೆ ಕೂತಿದ್ದರಲ್ಲ. ನಾನು ಗೇಜು ನೋಡ್ತಿದ್ದೆ.

ಫೆಬ್ರವರಿ 27

ಸ್ಕ್ಯಾನು. ಊದೋ ಪರೀಕ್ಷೆ. ಡಾಕ್ಟರಮ್ಮ ಒಳ್ಳೆಯವರು, ಸುತ್ತಿಬಳಸಲಿಲ್ಲ. ಶ್ವಾಸಕೋಶ ಗಟ್ಟಿಯಾಗ್ತಾ ಬರ್ತಿದೆ, ಒಣಗಿದ ಸ್ಪಂಜಿನ ಹಾಗೆ. ಕಾರಣ ಗೊತ್ತಿಲ್ಲ. ಮಾತ್ರೆ ನಿಧಾನ ಮಾಡಬಹುದು, ವಾಪಸ್ ತರಲ್ಲ. ಡೈವಿಂಗ್ ಮುಗೀತು, ಒಂದಡಿಯೂ ಬೇಡ ಅಂದರು.

"ರಿಪೇರಿ ಇಲ್ವಾ?" ಅಂತ ಕೇಳಿದೆ. ಕೇಳಿದ ಮೇಲೆ ಎಂಥ ಮಾತಾಡಿದೆ ಅನ್ನಿಸ್ತು. ಅವರು ಇಲ್ಲ ಅಂತ ತಲೆ ಆಡಿಸಿದರು.

ಬಸ್‌ಸ್ಟಾಪಿನಲ್ಲಿ ಇವರನ್ನ ಕೇಳಿದೆ, "ನಿಮಗೆ ಗೊತ್ತಿತ್ತಾ?"

"ಅನುಮಾನ ಇತ್ತು."

"ಮತ್ತೆ ಯಾಕೆ ಹೇಳಲಿಲ್ಲ?"

"ನೀನು ಲೀಕು ಅಂದೆ. ಲೀಕೇ ಆಗಿರಲಿ ದೇವರೇ ಅಂತ ನಾನೂ ಕಾಯ್ತಿದ್ದೆ. ನೀನು ರಿಂಗ್ ಹಾಕ್ತಾ ಕೂತಿದ್ದರೆ, ಇವಳು ಸರಿ ಮಾಡ್ತಾಳೆ ಅನ್ನಿಸ್ತಿತ್ತು ಕಣೇ."

ಬಸ್ಸು ಬಂತು. ಹತ್ತಲಿಲ್ಲ. ಅದರ ಹಿಂದೆ ಬಂದದ್ದನ್ನ ಹತ್ತಿದೆವು. ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ಜೋರಾಗಿ ತಿರುಗಿಸಿ ಅತ್ತುಬಿಟ್ಟೆ.

ಮಾರ್ಚ್ 24

ಬರೆಯೋ ಮನಸ್ಸೇ ಇರಲಿಲ್ಲ. ಇವತ್ತು ಬರೀಬೇಕು.

ಬೋಟಿಗೆ ಸುಮ್ಮನೆ ಬರ್ತೀನಿ, ಗಾಳಿ ಕುಡಿದು ಬರ್ತೀನಿ ಅಂದರು. ಬಂದರು. ಗಿರಾಕಿಗಳೆಲ್ಲ ಮಗಳ ಜೊತೆ ಇಳಿದಾದ ಮೇಲೆ ಹಿಂದೆ ತಿರುಗಿ ನೋಡ್ತೀನಿ — ಜಾಕೆಟ್ಟು, ಬೆಲ್ಟು, ಮಾಸ್ಕು, ಎಲ್ಲ ತೊಟ್ಟು ಅಂಚಿನಲ್ಲಿ ಕೂತಿದ್ದಾರೆ. ಎರಡೂ ಕೈ ಮೇಲೆ.

"ಚೆಕ್ ಮಾಡು."

"ಏನಿದು?"

"ಐದೇ ನಿಮಿಷ. ಹಗ್ಗ ಹಿಡ್ಕೊಂಡೇ ಇರ್ತೀನಿ. ಕೆಳಗೆ ಒಂದು ಸಲ ನೋಡಿ ಬರ್ತೀನಿ. ಆಮೇಲೆ ನೀನು ಹೇಳಿದ ಹಾಗೆ ಕೇಳ್ತೀನಿ, ಕಷಾಯಾನೂ ಕುಡೀತೀನಿ."

ಮೌನಿ ಇಂಜಿನ್ ಕಡೆ ಮುಖ ತಿರುಗಿಸಿದ. ನನ್ನ ಕೈ ತಾನಾಗಿ ಹೋಯ್ತು... ಬೆಲ್ಟು ನೋಡಿದೆ, ಬಕಲ್ ನೋಡಿದೆ. ರೆಗ್ಯುಲೇಟರ್ ಬಾಯಿಗಿಟ್ಟು ಮೂರು ಉಸಿರು ಎಳೆದೆ. ಮುಳ್ಳು ಅಲ್ಲಾಡಲಿಲ್ಲ. ಎಲ್ಲ ಸರಿ ಇತ್ತು. ತಟ್ಟೋಕೆ ಎತ್ತಿದ ಕೈಯಿಂದ ವಾಲ್ವ್ ಮುಚ್ಚಿಬಿಟ್ಟೆ.

"ಡೈವ್ ಇಲ್ಲ" ಅಂದೆ.

"ಕಾರಣ ಹೇಳು."

"ಹೇಳಲ್ಲ."

ಅದು ಇವರೇ ಮಾಡಿದ ನಿಯಮ. ಪ್ರತಿ ಹೊಸಬರಿಗೂ ಬೋಟ್ ಬಿಡೋ ಮುಂಚೆ ಹೇಳ್ತಾರೆ: ಯಾರು ಬೇಕಾದರೂ, ಯಾವಾಗ ಬೇಕಾದರೂ ಡೈವ್ ಬೇಡ ಅನ್ನಬಹುದು, ಕಾರಣ ಕೇಳೋ ಹಾಗಿಲ್ಲ, ಮುನಿಸಿಕೊಳ್ಳೋ ಹಾಗಿಲ್ಲ. ಇವರು ಕೇಳಿಯೇಬಿಟ್ಟರು, ಮುನಿಸಿಕೊಂಡೂಬಿಟ್ಟರು. ನೀರಿಗೆ ಮುಖ ಮಾಡಿ ಕೂತರು. ಮಾಸ್ಕ್ ತೆಗೀಲಿಲ್ಲ. ನಾನೂ ಪಕ್ಕದಲ್ಲೇ ಕೂತೆ. ಮಗಳ ಗುಳ್ಳೆಗಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗ್ತಿದ್ದವು.

ಕೊನೆಗೆ ಮಾಸ್ಕ್ ಹಣೆಗೆ ಸರಿಸಿ, "ನೀನು ತಟ್ಟಿಬಿಡ್ತೀಯೇನೋ ಅಂತ ಭಯ ಆಗಿತ್ತು" ಅಂದರು.

ನನ್ನ ಭುಜಕ್ಕೆ ಒರಗಿದರು. ಸಿಲಿಂಡರ್ ಸಮೇತ. ಭಾರ ಇತ್ತು. ಅಲ್ಲಾಡಲಿಲ್ಲ ನಾನು.

ಮೇ 16

ಮೆಟ್ಟಿಲು ಹತ್ತೋದು ನಿಲ್ಲಿಸಿದ್ದಾರೆ. ಹಾಸಿಗೆ ಕೆಳಗಿನ ರೂಮಿಗೆ ತಂದೆವು. ಬೋಟು ಈಗ ಮಗಳದ್ದು. ಬೆಳಿಗ್ಗೆ ಹೊರಡೋ ಮುಂಚೆ ಬಂದು ಅಪ್ಪನ ಮುಂದೆ ಕೈ ಮೇಲೆತ್ತಿ ನಿಲ್ತಾಳೆ. ಇವರು ಕೂತಲ್ಲಿಂದಲೇ ಪಟ್ಟಿ ಎಳೆದು ನೋಡ್ತಾರೆ. "ಬಿಗಿ ಆಯ್ತು, ಸಡಿಲ ಮಾಡ್ಕೋ" ಅಂತಾರೆ. ಅಷ್ಟು ಹೇಳೋಕೆ ಉಸಿರಿಗಾಗಿ ಎರಡು ಸಲ ತಡೀಬೇಕು.

ಸೆಪ್ಟೆಂಬರ್ 3

ಮನೆಗೆ ಆಮ್ಲಜನಕದ ಸಿಲಿಂಡರ್ ಬಂತು. ತಂದವನು ಸೈಕಲ್ ಕಲಿಸೋ ಹಾಗೆ ನಿಧಾನಕ್ಕೆ ಹೇಳಿಕೊಟ್ಟ — "ಅಮ್ಮಾ, ಇದು ವಾಲ್ವು. ಇದು ಗೇಜು. ಮುಳ್ಳು ಇಲ್ಲಿಗೆ ಬಂದ್ರೆ ಫೋನ್ ಮಾಡಿ. ಕೇಳಿಸ್ತಾ?"

ಇವರು ಹಾಸಿಗೆಯಿಂದ, "ಸಾಕಪ್ಪಾ... ಆಮೇಲೆ ನಿನಗೇ ಪರೀಕ್ಷೆ ಇಡ್ತಾಳೆ" ಅಂದರು. ಅವನಿಗೆ ಅರ್ಥವಾಗಲಿಲ್ಲ. ನಾವಿಬ್ಬರೂ ನಕ್ಕೆವು. ಇವರು ನಗೋದು ಈಗ ಶಬ್ದವಿಲ್ಲದೆ.

ಜಾಯಿಂಟಿಗೆ ಸೋಪಿನ ನೀರು ಹಚ್ಚಿ ನೋಡಿದೆ. ಗುಳ್ಳೆ ಇಲ್ಲ. ಮೂಗಿನ ಪೈಪು ಕಿವಿಯ ಹಿಂದೆ ಸರಿ ಮಾಡಿದೆ.

ಅಕ್ಟೋಬರ್ 9

ಒಂದು ಸಿಲಿಂಡರ್ ಮೊದಲು ನಾಲ್ಕು ದಿನ ಬರ್ತಿತ್ತು. ಈಗ ಒಂದೂವರೆ. ಇವರಿಗೆ ಹೇಳಲ್ಲ. "ಎಷ್ಟಿದೆ?" ಅಂತ ಕೇಳಿದರೆ "ಬೇಕಾದಷ್ಟಿದೆ" ಅಂತೀನಿ. ಸುಳ್ಳು ಅಂತ ಅವರಿಗೂ ಗೊತ್ತು. ಗೇಜು ಅವರ ತಲೆಯ ಹಿಂದೆ ಇದೆ, ನನ್ನ ಮುಖ ಎದುರಿಗಿದೆ.

ಅಕ್ಟೋಬರ್ 28, ಬೆಳಿಗ್ಗೆ

ಸಿಲಿಂಡರ್‌ನವನು ಬಂದಿದ್ದ, ವಾಪಸ್ ಒಯ್ಯೋಕೆ. ಇನ್ನು ಬೇಡ ಅಂತ ಮಗಳು ನಿನ್ನೆಯೇ ಫೋನ್ ಮಾಡಿ ಹೇಳಿದ್ದಳಂತೆ. ಪಾಪ, ಏನು ಮಾತಾಡಬೇಕು ಅಂತ ಗೊತ್ತಾಗದೆ ಗೇಜ್ ನೋಡಿ, "ಅಮ್ಮಾ, ಇದರಲ್ಲಿ ಅರ್ಧಕ್ಕಿಂತ ಹೆಚ್ಚಿದೆ" ಅಂದ.

ಬಗ್ಗಿ ನೋಡಿದೆ. ಹೌದು. ಈ ವರ್ಷದಲ್ಲಿ ಒಂದು ಸಲವೂ ಇಷ್ಟು ಉಳಿದಿರಲಿಲ್ಲ. ಖುಷಿಯಾಗಿಬಿಡ್ತು ನನಗೆ, ಒಂದು ಕ್ಷಣ. ನಿಜವಾಗಲೂ ಖುಷಿ. ರೀ, ಅರ್ಧ ಉಳಿಸಿದ್ದೀರಿ ಅಂತ ಹೇಳೋಕೆ ರೂಮಿನ ತನಕ ಹೋದೆ, ಬಾಗಿಲು ತಳ್ಳಿ —