ಮೆಟ್ಟಿಲ ನಡುವೆ ನಿಂತ ಕನ್ನಡಿ

ಮನೆಯಿಂದ,
ಮಾರ್ಚ್ ೧೨, ಗುರುವಾರ ಮಧ್ಯಾಹ್ನ

ಪ್ರೀತಿಯ ಅತ್ತೆಗೆ,

ನಿಮ್ಮ ಸೊಸೆಯ ನಮಸ್ಕಾರಗಳು. ಮಂಡಿನೋವು ಹೇಗಿದೆ? ನಿಮ್ಮ ಮಗಳ ಮನೆಗೆ ಲಿಫ್ಟ್ ಇಲ್ಲವೆಂದು ಗೊತ್ತಾದಾಗಿನಿಂದ ನನಗೆ ಅದೇ ಯೋಚನೆ. ಮುಲಾಮನ್ನು ಚೀಲದ ಹೊರಗಿನ ಜೇಬಿನಲ್ಲಿ ಇಟ್ಟಿದ್ದೆ. ಸಿಕ್ಕಿತೋ, ಇಲ್ಲ ಅದನ್ನೂ ಮಗಳ ಬೆನ್ನಿಗೆ ತಿಕ್ಕಿ ಮುಗಿಸಿದಿರೋ? ಬಾಣಂತಿ, ಮಗು ಇಬ್ಬರೂ ಚೆನ್ನಾಗಿದ್ದಾರೆಂದು ನಂಬಿದ್ದೇನೆ. ಫೋನ್ ಮಾಡುವುದು ಬಿಟ್ಟು ಕಾಗದ ಬರೆಯುತ್ತಿದ್ದಾಳಲ್ಲ, ಇವಳಿಗೇನಾಯಿತು ಎಂದು ಗಾಬರಿಯಾಗಬೇಡಿ. ನಾನು ಫೋನ್ ಮಾಡಿದಾಗಲೆಲ್ಲ ಅದು ನಿಮ್ಮ ಮಗಳ ಕೈಯಲ್ಲಿ, ಸ್ಪೀಕರಿನಲ್ಲಿ ಇರುತ್ತದೆ. ನೀವು ಅಡುಗೆಮನೆಯಿಂದ "ಎಲ್ಲಾ ಚೆನ್ನಾಗಿದೀವಿ ಕಣಮ್ಮಾ" ಎಂದು ಕೂಗುತ್ತೀರಿ, ಮಗು ಅಳುತ್ತದೆ, ಮಾತು ಅಲ್ಲಿಗೆ ಮುಗಿಯುತ್ತದೆ. ಇಂಗ್ಲಿಷ್ ಶಾಲೆಯಲ್ಲಿ ಓದಿದವಳಿಗೆ ಕನ್ನಡದಲ್ಲಿ ಬರೆಯುವ ಧೈರ್ಯ ತುಂಬಿದವರು ನೀವೇ. ಈಗ ಓದುವ ಕಷ್ಟವೂ ನಿಮ್ಮದೇ. ನಾಳೆ ಕೆಲಸದ ಮೇಲೆ ಆ ಊರಿಗೆ ಬರುವ ನಿಮ್ಮ ಮಗನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ವಿಷಯ ಇಷ್ಟು. ನಮ್ಮ ಪತ್ರಿಕೆಗೆ ಬರೆಯಬೇಕಾದ ಆ ಕನ್ನಡಿ ವಿಡಿಯೋ ಆಟದ ವಿಮರ್ಶೆ ಇನ್ನೂ ಮುಗಿದಿಲ್ಲ. ಬೆಟ್ಟದ ಊರಿನ ಬುಡದಿಂದ ನೆತ್ತಿಯ ಮೇಲಿನ ಮನೆಗೆ ಇಬ್ಬರು ಸೇರಿ ಆಳೆತ್ತರದ ಕನ್ನಡಿಯೊಂದನ್ನು ಹೊತ್ತುಕೊಂಡು ಹೋಗಬೇಕು, ಒಂದು ತುದಿ ನಿಮ್ಮದು, ಇನ್ನೊಂದು ನನ್ನದು ಎಂದು ನಾನು ವಿವರಿಸಿದಾಗ ನೀವು ಹೇಳಿದ್ದು ನೆನಪಿದೆಯೇ? "ಸಾಮಾನು ಹೊರೋಕೂ ದುಡ್ಡು ಕೊಟ್ಟು ಆಟ ತಗೋತಾರೇನೇ!" ಅಂದಿರಿ. ಆಮೇಲೆ ನನ್ನನ್ನು ಸೋಫಾದಿಂದ ಏಳಲು ಬಿಡದವರೂ ನೀವೇ. ಸಂತೆಬೀದಿ ದಾಟಿದೆವು, ಸೇತುವೆ ದಾಟಿದೆವು, ಉದ್ದನೆಯ ಮೆಟ್ಟಿಲುಗಳನ್ನು ಅರ್ಧ ಹತ್ತಿದೆವು. "ಏಯ್, ನಿಲ್ಲೇ! ನನ್ನ ಕಾಲಿನ್ನೂ ಕೆಳಗಿದೆ, ನೀನಾಗಲೇ ಸ್ವರ್ಗಕ್ಕೆ ಹೊರಟ್ಯಾ?" ಎಂದು ನೀವು ಕೂಗುತ್ತಿದ್ದಾಗಲೇ ನಿಮ್ಮ ಮಗಳಿಗೆ ನೋವು ಶುರುವಾಯಿತೆಂದು ಫೋನ್ ಬಂತು. ಕನ್ನಡಿಯನ್ನು ಹಳದಿ ಗೋಡೆಗೆ ಒರಗಿಸಿದೆವು. "ಹೋಗಿ ಬಂದು ಎತ್ತೋಣ" ಎಂದು ಹೇಳಿ ಹೊರಟಿರಿ.

ವಿಮರ್ಶೆಗೆಂದು ನಮಗೆ ಮೊದಲೇ ಕಳಿಸಿದ್ದ ಆ ಆಟ ಕಳೆದ ಶುಕ್ರವಾರ ಮಾರುಕಟ್ಟೆಗೆ ಬಂತು. ಸಂಜೆಯೊಳಗೆ ಊರಿಗೆಲ್ಲ ತೀರ್ಪು ಸಿಕ್ಕಿತ್ತು. ಹತ್ತಕ್ಕೆ ಒಂಬತ್ತು, ಒಂಬತ್ತೂವರೆ. ಒಬ್ಬರು ಹತ್ತನ್ನೇ ಕೊಟ್ಟು ಇದು ಸಂಬಂಧಗಳ ಮಹಾಕಾವ್ಯ ಎಂದರು. ಇನ್ನೊಬ್ಬರು ಸಂತೆಬೀದಿಯನ್ನು ಪುಟಗಟ್ಟಲೆ ಹೊಗಳಿದ್ದಾರೆ, ಮೆಟ್ಟಿಲುಗಳ ಬಗ್ಗೆ ಒಂದಕ್ಷರವಿಲ್ಲ. ಅಲ್ಲಿಯವರೆಗೆ ಹೋಗಿದ್ದರೆ ತಾನೇ! ಕೊನೆ ಮುಟ್ಟದೆ ಅಂಕ ಹಾಕುವುದಿಲ್ಲ ಎಂಬ ನನ್ನ ಹಟ ನಿಮಗೆ ಗೊತ್ತೇ ಇದೆ. ಅರ್ಧ ಅಂಕಕ್ಕೂ ಅಳೆದು ತೂಗುತ್ತೇನೆಂದು ಆಫೀಸಿನಲ್ಲಿ ನನಗೆ ಅರ್ಧ ಅಂಕದ ಅಕ್ಕ ಎಂದು ಹೆಸರಿಟ್ಟಿದ್ದಾರೆ, ಇರಲಿ. ಆದರೆ ಸಂಪಾದಕರು ದಿನವೂ ಫೋನ್ ಮಾಡುತ್ತಾರೆ. "ಎಲ್ಲರೂ ಒಂಬತ್ತು ಕೊಟ್ಟಾಯ್ತು, ನೀವಿನ್ನೂ ಕನ್ನಡಿ ಹೊರ್ತಾನೇ ಇದೀರಾ ಮೇಡಂ? ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಏನು ಪ್ರಯೋಜನ?" ಸೋಮವಾರದೊಳಗೆ ಕೊಡದಿದ್ದರೆ ನನ್ನ ಪುಟವನ್ನು ಹೊಸದಾಗಿ ಸೇರಿದ ವಿಮರ್ಶಕನಿಗೆ ಕೊಡುತ್ತಾರಂತೆ. ಕಂಡದ್ದಕ್ಕೆಲ್ಲ ಒಂಬತ್ತು ಹಂಚುವ ಅವನನ್ನು ನಾವೆಲ್ಲ ಕರ್ಣ ಎಂದೇ ಕರೆಯುವುದು. ಹಾಗೆ ನೋಡಿದರೆ ತಡಮಾಡುವುದೂ ಒಂದು ಬಗೆಯ ಜಂಬವೇ ಇರಬಹುದು. ಆದರೂ ಸಿಟ್ಟು ಇಳಿಯುತ್ತಿಲ್ಲ.

ಬೇರೆ ದಾರಿ ಕಾಣದೆ ನಿಮ್ಮ ಮಗನನ್ನು ಜೊತೆಗೆ ಕೂರಿಸಿಕೊಂಡೆ. ಹಸಿರು ದಾರ ಕಟ್ಟಿದ ನಿಮ್ಮ ಕಂಟ್ರೋಲರ್ ಹಿಡಿದ ಕೂಡಲೇ ಅವರು ಮಾಡಲು ಹೊರಟದ್ದೇನು ಗೊತ್ತೇ? ಹಳೆಯ ಜೋಡಿಯನ್ನು, ಅಂದರೆ ನಾವಿಬ್ಬರೂ ಅಲ್ಲಿಯವರೆಗೆ ಆಡಿದ್ದನ್ನು, ಅಳಿಸಲೇ ಎಂದು ಪರದೆ ಕೇಳಿತು, ಅವರ ಹೆಬ್ಬೆರಳು ಹೌದು ಎನ್ನುವುದರ ಮೇಲಿತ್ತು. ನಾನು ಕಿರುಚಿದ್ದಕ್ಕೆ ಕೆಳಗಿನ ಮನೆಯವರು ಬಂದು ಬಾಗಿಲು ತಟ್ಟಿದರು. ಬೇರೆ ಜೋಡಿಯಾಗಿ ಶುರುಮಾಡಿದೆವು. ಒಂದು ಕೈಯಲ್ಲಿ ಆಟ, ಇನ್ನೊಂದರಲ್ಲಿ ಮೊಬೈಲು. "ಯಾವ ಬಟನ್? ಇದಾ? ಅಯ್ಯೋ, ಅದೇ ಬಿತ್ತು, ನಾನೇನೂ ಮಾಡ್ಲಿಲ್ಲಪ್ಪ!" ಸಂತೆಬೀದಿಯಲ್ಲೇ ಕನ್ನಡಿ ಮತ್ತೆ ಮತ್ತೆ ಒಡೆಯಿತು. ಕೊನೆಗೆ ಎದ್ದು ನಿಂತು, "ನಿಜವಾದ ಕನ್ನಡಿಯಾಗಿದ್ರೆ ನಾನು ಯಾವಾಗಲೋ ಆಳು ಕರೆಸ್ತಿದ್ದೆ" ಎಂದು ಹೇಳಿ ಮಲಗಲು ಹೋದರು. ಆ ಸಿಟ್ಟಿನಲ್ಲೇ ಕೂತು ಬರೆದೆ: ಆಟ ಒರಟು, ಕೈಗೆ ಒಗ್ಗುವುದಿಲ್ಲ, ಹತ್ತಕ್ಕೆ ನಾಲ್ಕು. ಬೆಳಿಗ್ಗೆ ನೋಡಿದರೆ ನಿಮ್ಮ ಜೊತೆ ಆಡುವಾಗ ನಾನೇ ಗೀಚಿಕೊಂಡದ್ದು ಪಕ್ಕದಲ್ಲಿತ್ತು: ಹಗುರ, ಸರಾಗ, ಹೊಟ್ಟೆ ಹುಣ್ಣಾಗುವಷ್ಟು ನಗು. ಅದೇ ಬೀದಿ, ಅದೇ ಬಟನ್. ಹಾಗಾದರೆ ನಾನು ಅಂಕ ಕೊಡುತ್ತಿದ್ದದ್ದು ಯಾವುದಕ್ಕೆ?

ಒಬ್ಬರೇ ಆಡುವ ವ್ಯವಸ್ಥೆಯೂ ಇದರಲ್ಲಿದೆ, ಇನ್ನೊಂದು ತುದಿಯನ್ನು ಯಂತ್ರವೇ ಹಿಡಿಯುತ್ತದೆ. ನಿನ್ನೆ ಅದನ್ನೂ ನೋಡಿದೆ. ಅದು ಎಡವುವುದಿಲ್ಲ, ಬೈಯುವುದಿಲ್ಲ, ನಾನು ತಪ್ಪು ಹೆಜ್ಜೆ ಇಟ್ಟರೆ ಸುಮ್ಮನೆ ಕಾಯುತ್ತದೆ. ಊಟದ ಹೊತ್ತಿಗೆ ಬೆಟ್ಟದ ಮೇಲಿನ ಮನೆ ಬಂದೇಬಿಟ್ಟಿತು. ಬಾಗಿಲು ತಳ್ಳಿದ್ದರೆ ಆಟ ಮುಗಿಯುತ್ತಿತ್ತು, ವಿಮರ್ಶೆಯೂ ಮುಗಿಯುತ್ತಿತ್ತು. ನಾನು ಟಿವಿ ಆರಿಸಿ ಹೋಗಿ ಪಾತ್ರೆ ತೊಳೆದೆ.

ಮನಸ್ಸು ಸರಿಯಿಲ್ಲದ್ದಕ್ಕೆ ಇನ್ನೊಂದು ಕಾರಣವೂ ಇರಬಹುದು. ಭಾನುವಾರ ಫೋನಿನಲ್ಲಿ ನಿಮ್ಮ ಮಗಳು, "ಅಮ್ಮ ಇನ್ಮೇಲೆ ಇಲ್ಲೇ ಇರ್ಲಿ ಅತ್ತಿಗೆ, ನೀವಿಬ್ಬರೂ ಆರಾಮಾಗಿರಬಹುದಲ್ಲ" ಅಂದಳು. "ಅವರಿಷ್ಟ" ಎಂದೆ. ಹಿಂದೆ ನೀವಿದ್ದಿರಿ, ಪಾತ್ರೆಯ ಸದ್ದು ಕೇಳುತ್ತಿತ್ತು. ಅವಳು ಕೇಳಿದ್ದರಲ್ಲಿ ತಪ್ಪಿಲ್ಲ. ಮಗಳು, ಅದೂ ಹಸುಗೂಸಿನ ತಾಯಿ. ಅವಳ ಎದುರು ಸೊಸೆ ಯಾವ ಬಾಯಿಂದ ಕೇಳಬೇಕು, ನನ್ನ ಆಟ ಅರ್ಧಕ್ಕೆ ನಿಂತಿದೆ ಎಂದೇ? ಆದರೂ ಕೆಲಸದ ಮಾತಾಗಿ ಹೇಳುತ್ತೇನೆ: ನಿಮ್ಮ ಮಗ ಶನಿವಾರ ಕಾರಿನಲ್ಲಿ ವಾಪಸು ಬರುತ್ತಾರೆ, ಪಕ್ಕದ ಸೀಟು ಖಾಲಿ ಇರುತ್ತದೆ. ಎರಡು ದಿನಕ್ಕಾದರೂ ಬಂದರೆ ಸೋಮವಾರದೊಳಗೆ ಆಟ ಮುಗಿಸಿ ಅಂಕ ಹಾಕಬಹುದು.

ಮಗುವಿನ ಎರಡೂ ಅಂಗಾಲಿಗೆ ನನ್ನ ಮುತ್ತು. ಬಾಣಂತಿಗೆ ಮೊಬೈಲು ಬದಿಗಿಟ್ಟು ನಿದ್ದೆ ಮಾಡಲು ಹೇಳಿ. ಅಳಿಯಂದಿರನ್ನು ಕೇಳಿದೆನೆಂದು ತಿಳಿಸಿ. ನಿಮ್ಮ ಆಶೀರ್ವಾದ ನನ್ನ ಮೇಲಿರಲಿ, ಬೈಗುಳವನ್ನೂ ಪೂರ್ತಿ ನಿಲ್ಲಿಸಬೇಡಿ.

ಇನ್ನೊಂದು ತುದಿಯಲ್ಲಿರುವ
ನಿಮ್ಮ ಸೊಸೆ

ತಾ.ಕ.: ಕಾಗದ ಮಡಿಸುತ್ತಿದ್ದಾಗ ಸಂಪಾದಕರ ಫೋನ್ ಬಂತು. ಸೋಮವಾರದವರೆಗೆ ಕಾಯಲು ಆಗಲಿಲ್ಲವಂತೆ. ಕರ್ಣ ಬರೆದುಕೊಟ್ಟ, ಒಂಬತ್ತು ಹಾಕಿದ, ಪುಟ ಅಚ್ಚಿಗೆ ಹೋಯಿತು. ಆದ್ದರಿಂದ ಮೇಲೆ ಬರೆದ ಕೆಲಸದ ಮಾತನ್ನು ಬಿಟ್ಟುಬಿಡಿ. ಆಟ ಮುಗಿದರೂ ಮುಗಿಯದಿದ್ದರೂ ಈಗ ಯಾರಿಗೂ ಏನೂ ಆಗಬೇಕಾಗಿಲ್ಲ, ನಿಮ್ಮನ್ನು ಕರೆಯಲು ನನ್ನ ಹತ್ತಿರ ಯಾವ ನೆಪವೂ ಇಲ್ಲ. ಭಾನುವಾರ "ಅವರಿಷ್ಟ" ಎಂದೆನಲ್ಲ, ನನ್ನಿಷ್ಟವನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕನ್ನಡಿ ಹಳದಿ ಗೋಡೆಗೆ ಒರಗಿಕೊಂಡೇ ಇದೆ, ಯಾರಿಗೂ ಮುಟ್ಟಲು ಬಿಟ್ಟಿಲ್ಲ. ಯಾವಾಗ ಬರುತ್ತೀರಿ, ಅತ್ತೆ?