ಒತ್ತಿಗೆ ಎರಡು ಕೋಟು

ಹೊಳಲ್ಕೆರೆ
14-6-2025

ಮೊಮ್ಮಗಳು ಅನುಪಮಾಗೆ ತಾತನ ಆಶೀರ್ವಾದ. ಆಶೀರ್ವಾದ ಮೊದಲು, ಬೈಗುಳ ಆಮೇಲೆ.

ಚಿತ್ರದುರ್ಗದಿಂದ ನೀನು ಕಳಿಸಿದ ಹಾಳೆಗಳು ಬಂದವು. ನಲವತ್ತು ವರ್ಷ ನಾನು ಗೋಡೆ ಮೇಲೆ, ಅಂಗಡಿ ಬೋರ್ಡಿನ ಮೇಲೆ ಬರೆದ ಅಕ್ಷರಗಳ ಫೋಟೋ ಹೊಡ್ಕಂಡು ಹೋಗಿ ಕಂಪ್ಯೂಟರಿನಾಗೆ ಫಾಂಟ್ ಮಾಡ್ತಿದೀಯ. ಪುಸ್ತಕಕ್ಕೂ ಆಗಬೇಕು, ಫೋನಿಗೂ ಆಗಬೇಕು ಅಂತೀಯ. ಮಾಡು. ಅ, ಕ, ಮ ನೋಡಿದೆ. ನನ್ನವೇ. ಮ ಅಕ್ಷರದ ಬಾಲನ ನಾನು ಎಳೆದಂಗೇ ಎಳೆದಿದೀಯ. ಖುಷಿಯಾಯ್ತು. ಇದನ್ನ ಎರಡನೇ ಸಲ ಬರೆಯಲ್ಲ.

ಆದರೆ ಒತ್ತಕ್ಷರಕ್ಕೆ ಏನು ರೋಗ ಬಂತು? ಗೋಡೆ ಮೇಲೆ ಮೈ ತುಂಬ್ಕಂಡು ಇದ್ದವನ್ನ ಉಪವಾಸ ಕೆಡವಿದೀಯ. ಒತ್ತು ದಪ್ಪ ಇದ್ರೆ ಸಾಲುಗಳ ನಡುವೆ ಜಾಗ ಜಾಸ್ತಿ ಬೇಕು, ಫೋನಿನಾಗೆ ನಾಲ್ಕು ಸಾಲು ಕಮ್ಮಿ ಹಿಡೀತವೆ ಅಂತ ನಿನ್ನ ಆಫೀಸಿನ ಜಯಕುಮಾರ್ ಹೇಳಿದ್ನಂತೆ. ಹಿಡಿಯದಿದ್ರೆ ಬಿಡಲಿ. ಇನ್ನೊಂದು ಸಲ ಮೇಲಕ್ಕೆ ತಳ್ಳಿದ್ರೆ ಅವನ ಬೆರಳು ಸವೆದೋಗ್ತೈತಾ?

ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟ ಮುದುಕನಿಗೆ ಏನು ಗೊತ್ತು ಅಂತೀಯೇನೋ. ಅದಕ್ಕೇ ನಿನ್ನ ಹಾಳೆ ತಗಂಡು ಬಸ್ ಸ್ಟ್ಯಾಂಡಿಗೆ ಹೋದೆ. ಹೂ ಮಾರೋ ಮುದ್ದಕ್ಕನ ಮುಂದೆ ಹಿಡಿದು ಓದು ಅಂದೆ. ಹಾಲುರಾಮೇಶ್ವರ ಅಂತ ದೇವರ ಹೆಸರಿತ್ತು. ದೂರ ಹಿಡಿದ್ಲು, ಹತ್ರ ಹಿಡಿದ್ಲು. ಅಣ್ಣಾ, ಕೊನೇಲಿ ಶ ಕೆಳಗೆ ಇರುವೆ ಸತ್ತು ಬಿದ್ದೈತೆ, ಮೊದಲು ಒರೆಸ್ರಿ, ಆಮೇಲೆ ಓದ್ತೀನಿ ಅಂದ್ಲು. ಟೀ ಅಂಗಡಿಯಾಗೆ ಕುಂತಿದ್ದೋರೆಲ್ಲ ನಕ್ಕರು. ನೀನು ಫೋನಿಗೆ ಕಳಿಸಿದ್ದನ್ನೂ ತೋರಿಸಿದೆ. ಅದರಾಗೆ ಅವಳಿಗೆ ಇರುವೆನೂ ಕಾಣಲಿಲ್ಲ.

ನಮ್ಮ ಕೆಲಸದಾಗೆ ಒಂದು ಕ್ರಮ ಐತೆ, ಕೇಳು. ರಸ್ತೆ ಬದಿ ಗೋಡೆಗೆ ಬಸ್ಸಿನ ಕೆಸರು ಮೊದಲು ಸಿಡಿಯೋದು ಕೆಳಗಡೆಗೇ. ಅದಕ್ಕೆ ಮೇಲಿನ ಅಕ್ಷರಕ್ಕೆ ಒಂದು ಕೋಟು ಬಣ್ಣ, ಒತ್ತಿಗೆ ಎರಡು ಕೋಟು. ರಾಮಗಿರಿ ಸ್ಟೇಷನ್ ರಸ್ತೆ ಗೋಡೆ ಹೋಗಿ ನೋಡು. ತಲೆಕಟ್ಟು ಉದುರಿ ಎಷ್ಟೋ ವರ್ಷ ಆತು. ಒತ್ತು ಈಗಲೂ ಗಟ್ಟಿ ನಿಂತವೆ.

ಬರೋ ತಿಂಗಳು ಫಾಂಟ್ ಬಿಡುಗಡೆ, ತಾತನ ಹೆಸರೇ ಇಡ್ತೀವಿ, ಒಪ್ಪಿಗೆ ಕಾಗದಕ್ಕೆ ಸಹಿ ಹಾಕಿ ಕಳಿಸು ಅಂದಿದ್ದೀಯ. ಹಾಕಲ್ಲ. ಕಾಗದ ಹಂಗೇ ಈ ಕವರಿನಾಗೆ ವಾಪಸ್ ಇಟ್ಟಿದೀನಿ. ಒತ್ತು ಗೋಡೆ ಮೇಲೆ ಇದ್ದಂಗೇ ಇರಬೇಕು. ಇಲ್ಲಾಂದ್ರೆ ನನ್ನ ಒಂದು ಅಕ್ಷರನೂ ಮುಟ್ಟಬ್ಯಾಡ. ಮಾತಾಡೋದಿದ್ರೆ ಜಯಕುಮಾರ್ ಇಲ್ಲಿಗೇ ಬರಲಿ. ಕೈಗೆ ಬ್ರಷ್ ಕೊಟ್ಟು ಬಿಸಿಲಿಗೆ ನಿಲ್ಲಿಸ್ತೀನಿ.

ಇಂತಿ,
ಸಿಟ್ಟು ಇನ್ನೂ ಇಳಿಯದ ನಿನ್ನ ತಾತ
ಗೋವಿಂದಪ್ಪ

ತಾ.ಕ.: ಇದು ಮರೆತು ಉಳಿದಿದ್ದಲ್ಲ, ನಾಚಿಕೆಯಾಗಿ ಕೊನೆಗೆ ಇಟ್ಟಿದ್ದು. ನಿಮ್ಮಜ್ಜಿ ಏಕನಾಥಮ್ಮ ಬಣ್ಣದ ಡಬ್ಬ ಹಿಡಿಯಕ್ಕೆ ಬರ್ತಿದ್ಲು ಅಂತ ಊರಿಗೆಲ್ಲ ಹೇಳ್ಕಂಡು ಬಂದೆ. ಸುಳ್ಳು. ನಾನು ಏಣಿ ಮೇಲೆ ಅಕ್ಷರ ಬರ್ಕಂತ ಹೋದ್ರೆ, ಅವಳು ನೆಲದ ಮೇಲೆ ನಿಂತು ನನ್ನ ಹಿಂದೆ ಒತ್ತು ಬರ್ಕಂತ ಬರ್ತಿದ್ಲು. ಒಂದು ಒತ್ತೂ ನನ್ನದಲ್ಲ. ಪ್ರತಿ ಗೋಡೆಗೂ ಸಹಿ ಮಾತ್ರ ನಂದೇ ಹಾಕ್ಕಂಡೆ. ಸಾಯೋ ತನಕ ಅವಳು ನನ್ನ ಹೆಸರೆಲ್ಲಿ ಅಂತ ಒಂದು ಸಲನೂ ಕೇಳಲಿಲ್ಲ. ನಿಮ್ಮವ್ವ ಲತಾಗೆ ಗೊತ್ತಿತ್ತು, ಬಾಯಿ ಬಿಡಬ್ಯಾಡ ಅಂತ ನಾನೇ ಗದರಿಸಿದ್ದೆ. ಫಾಂಟಿಗೆ ನಿಮ್ಮಜ್ಜಿ ಹೆಸರಿಟ್ಟು ಬೇರೆ ಕಾಗದ ಕಳಿಸು. ಸಾಕ್ಷಿ ಅಂತ ಇರೋ ಜಾಗದಾಗೆ ನಾನು ಸಹಿ ಹಾಕ್ತೀನಿ.